ನೋಡುವವರು ಎಲ್ಲಿ ನಿಲ್ಲುತ್ತಾರೆ?

14 ಜೂನ್ 2025, ಶನಿವಾರ, ರಾತ್ರಿ

ದೊಡ್ಡಪ್ಪ ಒಂದು ಪ್ರಶ್ನೆ ಕೇಳಿ ಮಲಗಿಬಿಟ್ಟರು. ನನಗೆ ನಿದ್ದೆ ಹತ್ತುತ್ತಿಲ್ಲ.

ಸೋಮವಾರ ಅವರ ಕಣ್ಣಿನ ಪೊರೆ ತೆಗೆಸಬೇಕೆಂದು ಸೊರಬದಿಂದ ಕರೆಸಿಕೊಂಡಿದ್ದೇವೆ. ಊಟವಾದ ಮೇಲೆ ನಾನು ಕಂಪ್ಯೂಟರಿನಲ್ಲಿ ಮೂರು ಆಯಾಮದ ಮೂರ್ತಿ ಮಾಡುವ ತಂತ್ರಾಂಶ ಬ್ಲೆಂಡರ್ ತೆರೆದು ಕುಳಿತಿದ್ದೆ. ಅದೇ ಕನ್ನಡಿ ಹಿಡಿದ ಹೆಣ್ಣು. ಬೇಲೂರಿನ ದರ್ಪಣಸುಂದರಿ ಮನಸ್ಸಿನಲ್ಲಿ ಕುಳಿತಿದ್ದಾಳಲ್ಲ, ಅವಳ ನೆನಪಿನಲ್ಲಿ ಶುರು ಮಾಡಿದ್ದು. ಅವರು ಕುರ್ಚಿ ಎಳೆದುಕೊಂಡು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದರು.

ಪೆನ್ ಒತ್ತಿದಷ್ಟೂ ಕೆನ್ನೆಯ ಮೇಲೆ ಮಣ್ಣು ಪಟ್ಟಿಪಟ್ಟಿಯಾಗಿ ಏರುವುದನ್ನು ನೋಡಿದರು. ಗಲ್ಲವನ್ನು ಹಿಡಿದು ಎಳೆದಾಗ ಅಲ್ಲಿನ ಮೇಲ್ಮೈಯ ಚೌಕಗಳ ಜಾಲರಿ ಹಿಗ್ಗಿ ಒರಟಾಯಿತು. ರೀಮೆಶ್ ಮಾಡಿದೊಡನೆ, ಅಂದರೆ ಜಾಲರಿಯನ್ನು ಹೊಸದಾಗಿ ಹೆಣೆಸಿದೊಡನೆ, ಚೌಕಗಳೆಲ್ಲ ಮತ್ತೆ ಸಮನಾಗಿ ಹರಡಿಕೊಂಡವು. "ನಿನಗೆ ಹಾಕುವುದೂ ಉಂಟು, ತೆಗೆಯುವುದೂ ಉಂಟು. ನಮಗೆ ತೆಗೆಯುವುದೊಂದೇ" ಎಂದರು. ಆಮೇಲೆ, "ಮುಖಕ್ಕೆ ಎಷ್ಟು ಅಂಗುಲ ಇಟ್ಟಿದ್ದೀಯ?"

ಹನ್ನೆರಡು ಎಂದೆ. ಈ ಅಂಗುಲ ಇಂಚಲ್ಲ, ಮುಖದ ಎತ್ತರದ ಹನ್ನೆರಡನೆಯ ಒಂದು ಪಾಲು. ಗೆರೆ ಹಾಕಿ ತೋರಿಸಿದೆ: ಹಣೆಗೆ ನಾಲ್ಕು, ಮೂಗಿಗೆ ನಾಲ್ಕು, ಮೂಗಿನ ಬುಡದಿಂದ ಗಲ್ಲದವರೆಗೆ ನಾಲ್ಕು. ಇಂಥ ಒಂಬತ್ತು ಮುಖಗಳ ಎತ್ತರ ಸೇರಿದರೆ ಇಡೀ ಮೂರ್ತಿ, ನವತಾಳ, 108 ಅಂಗುಲ. ಬೆರಳಿನಿಂದ ಪರದೆಯ ಮೇಲೆಯೇ ಅಳೆದು ತಲೆಯಾಡಿಸಿದರು. ಶ್ರೀಗಂಧದ ಕೆತ್ತನೆಯಲ್ಲಿ ಜೀವಮಾನ ಸವೆಸಿದ ಗುಡಿಗಾರರು ಅವರು. ಆ ತಲೆಯಾಟಕ್ಕೆ ನನ್ನ ಕಣ್ಣು ತುಂಬಿತು.

"ಇದು ಎಲ್ಲಿ ನಿಲ್ಲುತ್ತದೆ?"

"ಎಲ್ಲಿಯೂ ಇಲ್ಲ ದೊಡ್ಡಪ್ಪ, ಕಂಪ್ಯೂಟರಿನಲ್ಲಿಯೇ ಇರುತ್ತದೆ."

"ಹಾಗಲ್ಲ ಮಗೂ. ನೋಡುವವರು ಎಲ್ಲಿ ನಿಲ್ಲುತ್ತಾರೆ?"

ಪೆಟ್ಟಿಗೆಯ ಮುಚ್ಚಳದ ಮೇಲಿನ ಆನೆಯನ್ನು ಜನ ಮೇಲಿನಿಂದ ನೋಡುತ್ತಾರೆ, ಬಾಗಿಲಿನ ಮೇಲಿನ ಗಜಲಕ್ಷ್ಮಿಯನ್ನು ಕೆಳಗಿನಿಂದ. ಎರಡಕ್ಕೂ ಉಳಿಯನ್ನು ಒಂದೇ ಆಳಕ್ಕೆ ಇಳಿಸಿದರೆ ಆಗುವುದಿಲ್ಲವಂತೆ. ಮೇಲೆ ಕೂರುವ ದೇವಿಯ ರೆಪ್ಪೆಯನ್ನು ತುಸು ತಗ್ಗಿಸಬೇಕು, ಇಲ್ಲದಿದ್ದರೆ ಬಾಗಿಲಲ್ಲಿ ನಿಂತವರನ್ನು ಬಿಟ್ಟು ಎದುರುಮನೆಯ ಮಾಡನ್ನು ನೋಡುತ್ತಾಳೆ. ಇಷ್ಟು ಹೇಳಿ, ಈಚೆಗೆ ತಾನು ಕಣ್ಣು ಕೆತ್ತುವುದನ್ನೇ ಬಿಟ್ಟಿದ್ದೇನೆಂದೂ ಅದೇ ಉಸಿರಿನಲ್ಲಿ ಹೇಳಿದರು. ಅಮ್ಮನಿಗೆ ಇದು ಗೊತ್ತಿಲ್ಲ. ವೈದ್ಯರು ಸಣ್ಣ ಶಸ್ತ್ರಚಿಕಿತ್ಸೆ ಎಂದಿದ್ದಾರೆ, ನಿಜ. ಆದರೂ ಆ ಕಣ್ಣುಗಳು ಬೇರೆ ಯಾರ ಕಣ್ಣುಗಳಂತೆಯೂ ಅಲ್ಲ. ಸೋಮವಾರ ಬೇಗ ಬಂದು ಹೋಗಲಿ.

ನನ್ನ ಹೆಣ್ಣನ್ನು ಹೇಗೆ ಬೇಕಾದರೂ ತಿರುಗಿಸಬಹುದು. ಆದ್ದರಿಂದಲೇ ಅವಳಿಗೆ ದಿಕ್ಕಿಲ್ಲ. ಬೇಲೂರಿನ ದೇವಾಲಯದ ಹೊರಗೋಡೆಯ 38 ಮದನಿಕೆಯರು ಕಂಬದ ತಲೆಗೂ ಸೂರಿಗೂ ನಡುವೆ ಓರೆಯಾಗಿ ಮುಂದಕ್ಕೆ ಬಾಗಿ ನಿಂತಿದ್ದಾರೆ. ನಾವೆಲ್ಲರೂ ಕತ್ತೆತ್ತಿಯೇ ನೋಡಿದ್ದು. ಆದರೆ ನಾನು ಎದುರಿಗಿಟ್ಟುಕೊಂಡು ಕಲಿಯುತ್ತಿರುವುದು ದೂರದಿಂದ ದೊಡ್ಡ ಲೆನ್ಸಿನಲ್ಲಿ ತೆಗೆದ, ಮುಖಕ್ಕೆ ಮುಖವಿಟ್ಟಂಥ ಚಿತ್ರಗಳನ್ನು.

ಅವರು ಮಲಗಿದ ಮೇಲೆ ಕ್ಯಾಮೆರಾವನ್ನು ಅವಳ ಪಾದಕ್ಕಿಂತ ಕೆಳಗಿಳಿಸಿ ಮೇಲಕ್ಕೆ ತಿರುಗಿಸಿದೆ. ಮೂಗಿನ ಹೊಳ್ಳೆಗಳು ದೊಡ್ಡದಾದವು, ಗಲ್ಲವೇ ಮುಖವಾಯಿತು, ಕಣ್ಣುಗಳು ಕೆನ್ನೆಯ ಹಿಂದೆ ಅಡಗಿದವು. ನಾಲ್ಕು-ನಾಲ್ಕು-ನಾಲ್ಕರ ಲೆಕ್ಕ ಅಲ್ಲಿಂದ ಕಾಣುವುದೇ ಇಲ್ಲ. ಹಾಗಾದರೆ ಹಣೆಯನ್ನು ಎತ್ತರಿಸಬೇಕೇ? ಅಳತೆ ಕೆಡುತ್ತದೆ. ಅಥವಾ ಅಳತೆಯನ್ನು ಮುಟ್ಟದೆ ಇಡೀ ಮೂರ್ತಿಯನ್ನೇ ಓರೆ ಮಾಡಿದರೆ? ತಕ್ಷಣ ಎದ್ದು ನಿಂತುಬಿಟ್ಟೆ. ಆ ಮದನಿಕೆಯರ ಬಾಗು ಇದಕ್ಕೂ ಇರಬಹುದೇ? ಬೆಳಿಗ್ಗೆ ದೊಡ್ಡಪ್ಪನನ್ನು ಕೇಳಬೇಕು.

ಇನ್ನೊಂದು ಪ್ರತಿ ಉಳಿಸಿಕೊಂಡು ಸೊಂಟದಿಂದ ಮೇಲೆ ಬಾಗಿಸಿ ನೋಡುತ್ತಿದ್ದೇನೆ. ಕಣ್ಣು ಕೆಳಗಿನವರಿಗೆ ಸಿಗುತ್ತಿದೆ. ಆದರೆ ಕನ್ನಡಿ ಹಿಡಿದ ಕೈ ಈಗ ಮುಖಕ್ಕೆ ಅಡ್ಡ ಬರುತ್ತಿದೆ, ಅದನ್ನು ಪಕ್ಕಕ್ಕೆ ಸರಿಸಿದರೆ ಅವಳು ನೋಡುವುದು ಕನ್ನಡಿಯನ್ನೋ, ನಮ್ಮನ್ನೋ