ನಿಂತಲ್ಲೇ ಬೀಳುವ ಸೈಕಲ್

ಮಗಳಿಗೆ ಒಂದೂವರೆ ವರ್ಷ ತುಂಬಿದಾಗ, ಪುಣೆಯ ಕೋಥರೂಡಿನ ನಮ್ಮ ಮನೆಯಿಂದ ಎರಡು ಕಿಲೋಮೀಟರು ದೂರದಲ್ಲಿದ್ದ, ಇಲ್ಲಿಯವರು ಪಾಳಣಾಘರ ಎನ್ನುವ ಶಿಶುವಿಹಾರಕ್ಕೆ ಅವಳನ್ನು ಸೈಕಲ್ಲಿನ ಮೇಲೆಯೇ ಕರೆದೊಯ್ಯಬೇಕೆಂದು ನಿಶ್ಚಯಿಸಿದೆ. ಆಗ ನಾನು ಮಾಡಿದ ತಪ್ಪೆಂದರೆ ಮಗುವಿನ ಸೀಟನ್ನು ಮೊದಲು ಕೊಂಡು, ಅದನ್ನು ಹೊರುವ ಸೈಕಲ್ಲಿನ ಬಗ್ಗೆ ಆಮೇಲೆ ಯೋಚಿಸಿದ್ದು. ಸೀಟು ಒಳ್ಳೆಯದೇ ಇತ್ತು. ಆದರೆ ನನ್ನ ಬಳಿ ಇದ್ದದ್ದು ಭಾನುವಾರ ಪಾಷಾಣ ಬಡಾವಣೆಯ ಕಡೆಗೆ ಏರು ಹತ್ತಲೆಂದು ಕೊಂಡಿದ್ದ, ಎತ್ತರದ ಅಡ್ಡಬಾರು ಮತ್ತು ಒಂಟಿ ಕಾಲಿನ ಸ್ಟ್ಯಾಂಡ್ ಇದ್ದ ಸೈಕಲ್.

ಆ ಸೈಕಲ್ ಓಡುವಾಗ ನನ್ನನ್ನು ಒಮ್ಮೆಯೂ ಹೆದರಿಸಲಿಲ್ಲ. ಹೆದರಿಸಿದ್ದು ಸೊಸೈಟಿಯ ಗೇಟಿನ ಬಳಿ, ನಿಂತಲ್ಲೇ. ಮಗಳನ್ನು ಕೂರಿಸಿ, ಬೆಲ್ಟು ಬಿಗಿದು, ನೆಲದ ಮೇಲಿದ್ದ ಅವಳ ಚೀಲವನ್ನು ಎತ್ತಿಕೊಳ್ಳಲು ಬಗ್ಗಿದೆ. ಅಷ್ಟರಲ್ಲಿ ಅವಳು ನಾಯಿಯೊಂದನ್ನು ನೋಡಲು ಬಲಕ್ಕೆ ವಾಲಿದಳು. ಒಂಟಿ ಸ್ಟ್ಯಾಂಡ್ ಇರುವುದು ಎಡಕ್ಕೆ. ಬಲಕ್ಕೆ ವಾಲಿದ ಭಾರವನ್ನು ತಡೆಯಲು ಅಲ್ಲಿ ಏನೂ ಇಲ್ಲ. ಹ್ಯಾಂಡಲ್ ಕಾಂಪೌಂಡಿನ ಗೋಡೆಗೆ ಒರಗಿ ನಿಂತದ್ದರಿಂದ ಅವಳಿಗೆ ಏನೂ ಆಗಲಿಲ್ಲ, ಗೋಡೆಯ ಸುಣ್ಣ ಮಾತ್ರ ಕೆರೆದುಹೋಯಿತು. ಹನ್ನೊಂದು ಕಿಲೋ ಮಗು, ನಾಲ್ಕೂವರೆ ಕಿಲೋ ಸೀಟು, ಎರಡೂ ನೆಲದಿಂದ ಸುಮಾರು ಒಂದು ಮೀಟರು ಎತ್ತರದಲ್ಲಿ. ಚಕ್ರ ಉರುಳುತ್ತಿರುವಾಗ ಹ್ಯಾಂಡಲ್ಲನ್ನು ತುಸುವೇ ತಿರುಗಿಸುತ್ತ ನಾವು ಸಮತೋಲವನ್ನು ಮತ್ತೆ ಮತ್ತೆ ಸರಿಪಡಿಸಿಕೊಳ್ಳುತ್ತಿರುತ್ತೇವೆ. ನಿಂತ ಸೈಕಲ್ಲಿಗೆ ಆ ಉಪಾಯವಿಲ್ಲ. ಆದ್ದರಿಂದ ಮಗುವನ್ನು ಹೊರುವ ಸೈಕಲ್ ಆರಿಸುವವರು ಮೊದಲು ನೋಡಬೇಕಾದದ್ದು ಗೇರನ್ನಲ್ಲ, ಸ್ಟ್ಯಾಂಡನ್ನು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಊರು ಧಾರವಾಡದಲ್ಲಿ ಅಪ್ಪನ ಸೈಕಲ್ಲಿಗೆ ಹಿಂದಿನ ಚಕ್ರವನ್ನೇ ನೆಲದಿಂದ ಎತ್ತಿ ನಿಲ್ಲಿಸುವ ಡಬಲ್ ಸ್ಟ್ಯಾಂಡ್ ಇತ್ತು. ಬಾರಿಗೆ ಟವೆಲ್ ಸುತ್ತಿ ನನ್ನನ್ನು ಕೂರಿಸುತ್ತಿದ್ದರು. ಒಳಪೆಡಲು ಹೊಡೆದು ಸೈಕಲ್ ಕಲಿತದ್ದೂ ಅದರ ಮೇಲೆಯೇ. ಬಾರಿನ ಮೇಲಿನ ಆ ಸವಾರಿಯನ್ನು ನಾನು ಮಗಳಿಗೆ ದಾಟಿಸಲಿಲ್ಲ, ಆದರೆ ಡಬಲ್ ಸ್ಟ್ಯಾಂಡನ್ನು ಮಾತ್ರ ಹುಡುಕಿಕೊಂಡು ಹೋದೆ. ಗೇರಿನ ಸೈಕಲ್ಲಿಗೂ ಪೆಡಲಿನ ಹಿಂದೆ ಕೂರುವ, ಎರಡು ಕಾಲು ಅಗಲಿಸಿ ನಿಲ್ಲುವ ಸ್ಟ್ಯಾಂಡ್ ಸಿಗುತ್ತದೆ. ಅದು ಇದ್ದರೂ ಮಗು ಸೀಟಿನಲ್ಲಿರುವಾಗ ಒಂದು ಕೈ ಸೈಕಲ್ಲಿನ ಮೇಲೆ ಇರಲೇಬೇಕು. ಚೀಲ, ನೀರಿನ ಬಾಟಲಿ, ಬೀಗ ಎಲ್ಲವನ್ನೂ ಮೊದಲು ಏರಿಸಿ ಮಗುವನ್ನು ಕೊನೆಗೆ ಕೂರಿಸುವುದು, ಇಳಿಸುವಾಗ ಮಗುವನ್ನೇ ಮೊದಲು ಇಳಿಸುವುದು ಈಗ ನಮ್ಮ ಮನೆಯ ಪದ್ಧತಿ.

ಸ್ಟ್ಯಾಂಡಿನ ನಂತರ ಅಡ್ಡಬಾರಿನ ಪ್ರಶ್ನೆ. ಹಿಂದೆ ಸೀಟು ಬಂದ ಮೇಲೆ ರೂಢಿಯಂತೆ ಬಲಗಾಲನ್ನು ಹಿಂದಿನಿಂದ ಬೀಸಿ ಹತ್ತಲು ಸಾಧ್ಯವಿಲ್ಲ. ಬೀಸಿದರೆ ಬೂಟು ಮಗುವಿನ ಮುಖಕ್ಕೆ ತಾಗುತ್ತದೆ. ಎತ್ತರದ ಬಾರಿನ ಮೇಲೆ ಮೊಣಕಾಲನ್ನು ಮಡಿಸಿ ದಾಟಿಸುವಷ್ಟರಲ್ಲಿ ಸೈಕಲ್ ಒಂದು ಕಡೆಗೆ ಜಗ್ಗುತ್ತದೆ. ನಮ್ಮವರು ಲೇಡೀಸ್ ಸೈಕಲ್ ಎಂದು ಕರೆದು ಪಕ್ಕಕ್ಕಿಟ್ಟ, ಬಾರು ಕೆಳಗಿಳಿದ ಚೌಕಟ್ಟೇ ಈ ಕೆಲಸಕ್ಕೆ ಸರಿ, ಸವಾರ ಗಂಡಸಾದರೂ ಸರಿಯೇ. ನಾನು ಕೊನೆಗೆ ಅಂಥದ್ದನ್ನೇ ಕೊಂಡೆ. ಕಚೇರಿಯ ಗೆಳೆಯರು ಎರಡು ವಾರ ನಕ್ಕು ಸುಮ್ಮನಾದರು.

ಸೀಟು ಮುಂದೆ ಇರಬೇಕೋ ಹಿಂದೆ ಇರಬೇಕೋ ಎಂಬುದನ್ನು ಬಹಳಮಟ್ಟಿಗೆ ಮಗುವಿನ ತೂಕವೇ ತೀರ್ಮಾನಿಸುತ್ತದೆ. ಯುರೋಪಿನ ಇಎನ್ 14344 ಮಾನದಂಡದ ಪ್ರಕಾರ ಮುಂದಿನ ಸೀಟು 9ರಿಂದ 15 ಕಿಲೋ ತೂಕದ ಮಕ್ಕಳಿಗೆ, ಹಿಂದಿನದು 9ರಿಂದ 22 ಕಿಲೋ ತೂಕದವರಿಗೆ. ಮುಂದೆ ಕೂತ ಮಗು ನಮ್ಮ ತೋಳುಗಳ ನಡುವೆ ಇರುತ್ತದೆ, ಮಾತು ಕೇಳಿಸುತ್ತದೆ, ನಿಜ. ಆದರೆ ನಮ್ಮ ಮೊಣಕಾಲುಗಳು ಹೊರಕ್ಕೆ ಅಗಲುತ್ತವೆ, ಹ್ಯಾಂಡಲ್ ಭಾರವಾಗುತ್ತದೆ, ಮೂರು ವರ್ಷದೊಳಗೆ ಆ ಸೀಟು ಅಟ್ಟ ಸೇರುತ್ತದೆ. ಹಿಂದಿನದಾಗಲಿ ಮುಂದಿನದಾಗಲಿ, ವರ್ಷ ತುಂಬುವ ಮೊದಲು ಬೇಡ: ಹೆಲ್ಮೆಟ್ಟಿನ ಭಾರವನ್ನೂ ರಸ್ತೆಯ ಕುಲುಕಾಟವನ್ನೂ ತಾಳುವ ಬಲ ಆ ಕತ್ತಿಗೆ ಇರುವುದಿಲ್ಲ. ಬೆಲ್ಟಿಲ್ಲದ, ಬಾರಿಗೆ ಸಿಕ್ಕಿಸುವ ತಂತಿಯ ಪುಟ್ಟ ಸೀಟುಗಳು ಪೇಟೆಯ ಅಂಗಡಿಗಳ ಮುಂದೆ ಇನ್ನೂ ತೂಗಾಡುತ್ತವೆ. ಅವುಗಳನ್ನು ನೋಡಿದಾಗಲೆಲ್ಲ ಜೋತುಬಿದ್ದ ಮಗುವಿನ ಕಾಲು ಚಕ್ರದ ಕಡ್ಡಿಗಳ ಹತ್ತಿರ ಹೋಗುವುದೇ ಕಣ್ಣಿಗೆ ಕಟ್ಟುತ್ತದೆ. ಹಿಂದಿನ ಸೀಟಿನಲ್ಲೂ ಪಾದವನ್ನು ಹಿಡಿದಿಡುವ ಪಟ್ಟಿ ಮತ್ತು ಪಾದದ ಬದಿಯ ಮರೆ ಇರಲೇಬೇಕು. ಸವಾರನ ಸೀಟಿನಡಿ ಸ್ಪ್ರಿಂಗುಗಳಿದ್ದರೆ ಅವುಗಳನ್ನು ಮುಚ್ಚಬೇಕು. ಕೂತವರು ಕುಲುಕಿದಾಗ ಮಗುವಿನ ಬೆರಳು ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಾನು ಹಳೆಯ ರಬ್ಬರ್ ಟ್ಯೂಬನ್ನು ಸುತ್ತಿ ಕಟ್ಟಿದೆ.

ಕ್ಯಾರಿಯರಿನ ವಿಷಯದಲ್ಲಿ ಒಂದು ಕಹಿ ನೆನಪಿದೆ. ನಗರದ ಅಂಗಡಿಯೊಂದರಲ್ಲಿ, ಸವಾರನ ಸೀಟಿನ ಕೊಳವೆಗೆ ಮಾತ್ರ ಕಚ್ಚಿಕೊಂಡು ಹಿಂದಕ್ಕೆ ಚಾಚುವ ಕ್ಯಾರಿಯರನ್ನು ನನಗೆ ಕೊಟ್ಟು, "ಕಾಹೀ ಹೋಣಾರ್ ನಾಹೀ, ಸಾಹೇಬ್" (ಏನೂ ಆಗುವುದಿಲ್ಲ, ಸಾಹೇಬರೇ) ಎಂದಿದ್ದರು. ಮನೆಗೆ ತಂದು ತಿರುಗಿಸಿ ನೋಡಿದರೆ ಅಡಿಭಾಗದಲ್ಲಿ ಗರಿಷ್ಠ 10 ಕಿಲೋ ಎಂದು ಅಚ್ಚಾಗಿತ್ತು. ಮಕ್ಕಳ ಸೀಟು ಕೂರಬೇಕಾದದ್ದು ಹಿಂದಿನ ಚಕ್ರದ ಅಚ್ಚಿನ ಎರಡೂ ಬದಿಗೆ ಕಾಲೂರುವ ಕ್ಯಾರಿಯರಿನ ಮೇಲೆ, ಅದರಲ್ಲಿ ಅಚ್ಚಾದ ಸಂಖ್ಯೆ ಮಗು ಮತ್ತು ಸೀಟಿನ ಒಟ್ಟು ತೂಕವನ್ನು ಮೀರಿದ್ದರೆ ಮಾತ್ರ. 25 ಕಿಲೋ ಎಂದು ಬರೆದ ಕ್ಯಾರಿಯರಿನ ಮೇಲೆ ನಾಲ್ಕೂವರೆ ಕಿಲೋ ಸೀಟಿಟ್ಟರೆ ಮಗುವಿಗೆ ಉಳಿಯುವುದು ಇಪ್ಪತ್ತೂವರೆ ಕಿಲೋ. ಇನ್ನೊಂದು ಬಗೆಯ ಸೀಟು ಕ್ಯಾರಿಯರನ್ನೇ ಕೇಳುವುದಿಲ್ಲ. ಎರಡು ಉಕ್ಕಿನ ಕಂಬಿಗಳ ಮೇಲೆ ಚೌಕಟ್ಟಿನಿಂದಲೇ ಚಾಚಿ, ಗುಂಡಿ ಬಂದಾಗ ತಾನೇ ತುಸು ಬಾಗುತ್ತದೆ. ಕರ್ವೆ ರಸ್ತೆಯ ಗುಂಡಿಗಳನ್ನು ಕಂಡವರಿಗೆ ಆ ಬಾಗುವಿಕೆಯ ಬೆಲೆ ತಿಳಿಯುತ್ತದೆ. ಆದರೆ ಚೌಕಟ್ಟಿನ ಕೊಳವೆ ದುಂಡಗಿರಬೇಕು, ಸಾಮಾನ್ಯವಾಗಿ 28ರಿಂದ 40 ಮಿಲಿಮೀಟರ್ ದಪ್ಪವಿರಬೇಕು, ಬ್ರೇಕಿನ ಕೇಬಲ್ ಅಡ್ಡ ಬರಬಾರದು; ಕಾರ್ಬನ್ ಚೌಕಟ್ಟಿಗಂತೂ ಸಲ್ಲದು. ಸೀಟಿನ ಬದಿಯಲ್ಲಿ ಭಾರಕೇಂದ್ರದ ಗುರುತಿರುತ್ತದೆ. ಅದು ಹಿಂದಿನ ಅಚ್ಚಿನಿಂದ ಹತ್ತು ಸೆಂಟಿಮೀಟರಿಗಿಂತ ಹಿಂದೆ ಸರಿದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಅಲ್ಲಾಡತೊಡಗುತ್ತದೆ.

ನಟ್ಟುಗಳಿಗಾಗಿ ರವಿವಾರ ಪೇಟೆಯ ಬೋಹರಿ ಆಳಿ ಎಂಬ ಓಣಿಗೆ ಹೋಗಿ, ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ಟುಗಳನ್ನು ಬಿಡಿಯಾಗಿ ಕೊಂಡು ತಂದೆ. ಮೊದಲ ವಾರದ ಓಡಾಟದ ನಂತರ ಎಲ್ಲವನ್ನೂ ಮತ್ತೆ ಬಿಗಿಯಬೇಕು. ನನ್ನದರಲ್ಲಿ ಎರಡು ಅರ್ಧ ಸುತ್ತು ಸಡಿಲಗೊಂಡಿದ್ದವು.

ಬ್ರೇಕಿನ ಮಾತು ಪುಣೆಯ ಮಳೆಗಾಲವನ್ನು ಬಿಟ್ಟು ಆಡುವಂಥದ್ದಲ್ಲ. ಉಕ್ಕಿನ ರಿಮ್ಮಿಗೆ ರಬ್ಬರ್ ಒತ್ತುವ ಹಳೆಯ ಬ್ರೇಕು ಒದ್ದೆಯಾದಾಗ ಹಿಡಿದರೂ ಹಿಡಿಯದಂತಿರುತ್ತದೆ. ಅಲ್ಯೂಮಿನಿಯಂ ರಿಮ್ಮು ಮೇಲು, ಡಿಸ್ಕು ಅದಕ್ಕೂ ಮೇಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದ ದಿನ ನಾನು ರಿಕ್ಷಾ ಹಿಡಿಯುತ್ತೇನೆ, ಆ ಬಗ್ಗೆ ಯಾವ ಸಂಕೋಚವೂ ಇಲ್ಲ. ಡಿಸೆಂಬರಿನ ಬೆಳಗಿನಲ್ಲಿ ತೊಂದರೆ ಬೇರೆಯದು: ಪೆಡಲ್ ತುಳಿಯುವ ನಾನು ಬೆವರುತ್ತಿದ್ದರೆ, ಸುಮ್ಮನೆ ಕೂತ ಅವಳ ಕೈಬೆರಳುಗಳು ತಣ್ಣಗಾಗಿರುತ್ತವೆ.

ಮಕ್ಕಳನ್ನು ಮುಂದಿನ ಪೆಟ್ಟಿಗೆಯಲ್ಲಿ ಕೂರಿಸಿಕೊಳ್ಳುವ ಡಚ್ಚರ ಸೈಕಲ್ಲುಗಳಿಗೂ 1984ರಲ್ಲಿ ಶುರುವಾದ ಕೋಪನ್‌ಹೇಗನ್ನಿನ ಕ್ರಿಸ್ಟಿಯಾನಿಯಾ ಮೂರು ಚಕ್ರದ ಗಾಡಿಗಳಿಗೂ ನಾನು ಆಸೆಪಟ್ಟವನೇ. ಆದರೆ ಅವು ನಮ್ಮ ಲಿಫ್ಟಿಗೂ ಹಿಡಿಸವು, ಬೈಕುಗಳನ್ನು ತಡೆಯಲು ಕಂಬ ನೆಟ್ಟ ಇಲ್ಲಿನ ಸೈಕಲ್ ಪಥಗಳಿಗೂ ಹಿಡಿಸವು. ಹಿಂದೆ ಎಳೆದೊಯ್ಯುವ ಟ್ರೇಲರ್ ಕೂಡ ನಮಗೆ ಬೇಡ. ಸ್ಕೂಟರಿನವರ ಕಣ್ಣಿಗೆ ಬೀಳದಷ್ಟು ಕೆಳಗೆ ಮಗುವನ್ನು ಬಿಡಲು ನನಗೆ ಧೈರ್ಯವಿಲ್ಲ.

ಕಳೆದ ತಿಂಗಳು ಮೇಲಿನ ಮಹಡಿಯ ಕನ್ನಡಿಗರೊಬ್ಬರು ತಮ್ಮ ಮಗನಿಗೆಂದು ಸೀಟು ಕೊಂಡು ತಂದಾಗ, ಅದರಲ್ಲಿ ಹದಿನೈದು ಕಿಲೋ ಸೋನಾ ಮಸೂರಿಯ ಚೀಲವನ್ನು ಬೆಲ್ಟು ಬಿಗಿದು ಕೂರಿಸಿ, ಪಾರ್ಕಿಂಗಿನಲ್ಲಿ ಹತ್ತು ಸಲ ಹತ್ತಿ ಇಳಿಯಿರಿ ಎಂದೆ. ಮೂರನೆಯ ಸಲಕ್ಕೇ ಸ್ಟ್ಯಾಂಡ್ ಜಾರಿತು. ಚೀಲದ ಮೂಲೆ ಹರಿದು ಅಕ್ಕಿ ನೆಲಕ್ಕೆ ಸುರಿಯಿತು. ಅದನ್ನು ಗುಡಿಸಿ ತುಂಬಿಕೊಂಡು, ಅವರು ಸೈಕಲ್ಲನ್ನು ತಳ್ಳಿಕೊಂಡೇ ಸ್ಟ್ಯಾಂಡ್ ಬದಲಿಸಲು ಹೊರಟರು.