ನಕ್ಷತ್ರಗಳ ನಡುವೆ ಸೇರಿಹೋದ ದೀಪ

ಹಾಯಿದೋಣಿಗಳಿಗೆ ವೈರಿಂಗ್ ಮಾಡುವುದು ನನ್ನ ಕೆಲಸ. ಒಮ್ಮೆ 11 ಮೀಟರ್ ಉದ್ದದ ದೋಣಿಯೊಂದಕ್ಕೆ ಹೊಸ ಆಂಕರ್ ಲೈಟ್, ಅಂದರೆ ಲಂಗರು ಹಾಕಿ ನಿಂತಾಗ ರಾತ್ರಿ ಉರಿಸುವ ದೀಪ, ಹಾಕಿದೆ. ಕೂವೆಯ (ಹಾಯಿ ಕಟ್ಟುವ ಕಂಬದ) ತುತ್ತತುದಿಯಲ್ಲಿ, ನೀರಿನಿಂದ ಸುಮಾರು 15 ಮೀಟರ್ ಎತ್ತರದಲ್ಲಿ, ಒಳ್ಳೆಯ ಎಲ್‌ಇಡಿ ದೀಪ. ಮೀಟರ್ ಹಿಡಿದು ನೋಡಿದೆ, ವೋಲ್ಟೇಜ್ ಸರಿ ಇತ್ತು. ಕೆಲಸ ಮುಗಿಯಿತು ಅಂದುಕೊಂಡೆ.

ಆ ರಾತ್ರಿ ದಡದಿಂದ ಅದೇ ದೋಣಿಗೆ ಡಿಂಗಿ ಎಂಬ ಸಣ್ಣ ರಬ್ಬರ್ ದೋಣಿಯಲ್ಲಿ ವಾಪಸ್ ಬರುತ್ತಿದ್ದೆವು. ಚಂದ್ರ ಇರಲಿಲ್ಲ. ಮೋಟರನ್ನು ಮೆಲ್ಲಗೆ ಓಡಿಸುತ್ತಾ ಕಣ್ಣು ಕಿರಿದು ಮಾಡಿಕೊಂಡು ಹುಡುಕುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಡಿಂಗಿಯ ಮೂತಿ ಯಾವುದಕ್ಕೋ ಉಜ್ಜಿತು. ಕೈ ಚಾಚಿದರೆ ತಣ್ಣಗಿನ ಒದ್ದೆ ಸರಪಳಿ. ನಮ್ಮದೇ ಲಂಗರಿನ ಸರಪಳಿ! ತಲೆ ಎತ್ತಿದೆ. ನಾನು ಹಾಕಿದ ದೀಪ ನೆತ್ತಿಯ ಮೇಲೆ ಚೆನ್ನಾಗಿಯೇ ಉರಿಯುತ್ತಿತ್ತು, ಇನ್ನೊಂದು ನಕ್ಷತ್ರದ ಹಾಗೆ. ಕೆಳಗೆ ಕಡುನೀಲಿ ಬಣ್ಣದ ದೋಣಿ ಕತ್ತಲಲ್ಲಿ ಕರಗಿಹೋಗಿತ್ತು. ನಾವು ನಿಧಾನಕ್ಕೆ ಬಂದಿದ್ದೆವು, ಬಚಾವಾದೆವು. ಜೋರಾಗಿ ಬರುವ ಬೋಟ್ ಆಗಿದ್ದರೆ? ಅವತ್ತು ನನಗೆ ನಿದ್ದೆ ಬರಲಿಲ್ಲ.

ಮರುದಿನ ನಿಯಮವನ್ನು ಮತ್ತೆ ಓದಿದೆ. ಸಮುದ್ರದಲ್ಲಿ ಡಿಕ್ಕಿ ತಡೆಯಲು 1972ರಲ್ಲಿ ಮಾಡಿದ ಅಂತರರಾಷ್ಟ್ರೀಯ ನಿಯಮಗಳಲ್ಲಿ 30ನೆಯದು ಲಂಗರು ಹಾಕಿದ ಹಡಗುಗಳದ್ದು. 50 ಮೀಟರಿಗಿಂತ ಚಿಕ್ಕದಾದರೆ ಸುತ್ತಲೂ ಕಾಣುವ ಒಂದು ಬಿಳಿ ದೀಪ ಸಾಕು, ಅದು ಚೆನ್ನಾಗಿ ಕಾಣುವ ಜಾಗದಲ್ಲಿ ಇರಬೇಕು. ಇಂಥ ದೋಣಿಗೆ ಆ ಬೆಳಕು 2 ನಾಟಿಕಲ್ ಮೈಲಿ, ಅಂದರೆ 3.7 ಕಿಲೋಮೀಟರ್ ದೂರಕ್ಕೆ ಕಾಣಬೇಕು. ಕೂವೆಯ ತುದಿಯಲ್ಲೇ ಹಾಕಿ ಅಂತ ಎಲ್ಲೂ ಬರೆದಿಲ್ಲ. ನಾವು ಸುಮ್ನೆ ರೂಢಿಯಿಂದ ಅಲ್ಲಿ ಹಾಕುತ್ತೇವೆ, ಅಲ್ವಾ?

ಲೆಕ್ಕ ಹಾಕಿ ನೋಡಿ. 15 ಮೀಟರ್ ಎತ್ತರದ ದೀಪವನ್ನು ಒಂದು ಕಿಲೋಮೀಟರ್ ಆಚೆಯಿಂದ ನೋಡಿದರೆ ಅದು ದಿಗಂತಕ್ಕೆ ಅಂಟಿಕೊಂಡಂತೆ ಇರುತ್ತದೆ. ದೊಡ್ಡ ಹಡಗಿನವರಿಗೆ ಅದು ಒಳ್ಳೆಯದೇ. 30 ಮೀಟರ್ ಹತ್ತಿರ ಬಂದಾಗ ಅದೇ ದೀಪ 25 ಡಿಗ್ರಿಗಿಂತ ಮೇಲೆ ಹೋಗಿರುತ್ತದೆ. ಸಣ್ಣ ಬೋಟಿನಲ್ಲಿ ಕೂತವನ ಕಣ್ಣು ನೀರಿನ ಮೇಲೆ ಇರುತ್ತದೆ, ಆಕಾಶ ನೋಡುತ್ತಾ ಯಾರೂ ಬೋಟ್ ಓಡಿಸುವುದಿಲ್ಲ. ಲಂಗರು ಹಾಕುವ ಜಾಗದಲ್ಲಿ ರಾತ್ರಿ ಓಡಾಡುವವರು ಇಂಥವರೇ ಜಾಸ್ತಿ.

ಹಾಗಾಗಿ ಈಗ ತುದಿಯ ದೀಪವನ್ನು ಹಾಗೇ ಬಿಟ್ಟು, ಕೆಳಗೆ ಡೆಕ್ಕಿನ ಮೇಲೆ ಬೆಳಕು ಬೀಳುವಂತೆ ಮಂದವಾದ ದೀಪಗಳನ್ನೂ ಹಾಕುತ್ತೇನೆ. ಡೆಕ್ ಬೆಳಗಿಸಲು ಅದೇ 30ನೇ ನಿಯಮ ಒಪ್ಪುತ್ತದೆ. ಬಿಳಿ ಕ್ಯಾಬಿನ್ ಮೇಲೆ, ಹಾಯಿಯ ಕೆಳಗಿನ ಅಡ್ಡಕಂಬವಾದ ಬೂಮಿನ ಮೇಲೆ ಬೆಳಕು ಬಿದ್ದರೆ ಅಲ್ಲೊಂದು ದೋಣಿ ಇದೆ, ಇಷ್ಟು ಉದ್ದ ಇದೆ ಅಂತ ತಿಳಿಯುತ್ತದೆ. ಕೆಂಪು, ಹಸಿರು ಬಣ್ಣ ಬೇಡವೇ ಬೇಡ, ಓಡುತ್ತಿರುವ ದೋಣಿ ಅಂತ ತಪ್ಪು ತಿಳಿಯುತ್ತಾರೆ. ಮಿಣಮಿಣ ಮಿಂಚುವ ಸ್ಟ್ರೋಬ್ ಕೂಡ ಬೇಡ.

ಬ್ಯಾಟರಿಯ ಚಿಂತೆ ಹಿಂದೆ ನಿಜವಾಗಿಯೂ ಇತ್ತು. 12 ವೋಲ್ಟಿನಲ್ಲಿ 10 ವ್ಯಾಟಿನ ಹಳೇ ಬಲ್ಬ್ 12 ಗಂಟೆ ಉರಿದರೆ 10 ಆಂಪಿಯರ್-ಅವರ್ (ಬ್ಯಾಟರಿಯ ಸಾಮರ್ಥ್ಯ ಅಳೆಯುವ ಮಾನ) ಖರ್ಚು. 2 ವ್ಯಾಟಿನ ಎಲ್‌ಇಡಿಗೆ ಬರೀ 2. ಮೂರು ದೀಪ ಹಾಕಿದರೂ ಹಳೆಯ ಒಂದಕ್ಕಿಂತ ಕಡಿಮೆ.

ಆದರೆ ಅಗ್ಗದ ಎಲ್‌ಇಡಿ ತಂದು ತುದಿಗೆ ಏರಿಸಬೇಡಿ. ಒಳಗೆ ವಿದ್ಯುತ್ ಹದಮಾಡುವ ರೆಗ್ಯುಲೇಟರ್ ಕಳಪೆ ಇದ್ದರೆ ಪಕ್ಕದ ವಿಎಚ್ಎಫ್ ಆಂಟೆನಾಕ್ಕೆ, ಅಂದರೆ ದೋಣಿಯವರು ಮಾತಾಡುವ ರೇಡಿಯೋದ ಆಂಟೆನಾಕ್ಕೆ, ಗದ್ದಲ ತುಂಬುತ್ತದೆ. ಕೂವೆ ಹತ್ತುವ ಮೊದಲೇ ದೀಪವನ್ನು ಆಂಟೆನಾದ ಹತ್ತಿರ ಹಿಡಿದು, ರೇಡಿಯೋದ ಸ್ಕ್ವೆಲ್ಚ್ (ಹಿನ್ನೆಲೆಯ ಗದ್ದಲ ಅಡಗಿಸುವ ಗುಂಡಿ) ಪೂರ್ತಿ ಇಳಿಸಿ, ಸ್ವಿಚ್ ಹಾಕಿ ಆರಿಸಿ ಕೇಳಿ. ಸದ್ದು ಬದಲಾದರೆ ಆ ದೀಪ ಬೇಡ.

ಈಗ ಕೆಲಸ ಒಪ್ಪಿಸುವ ಮುಂಚೆ ಕತ್ತಲಾಗುವ ತನಕ ಕಾಯುತ್ತೇನೆ. ಮಾಲೀಕರನ್ನು ಡಿಂಗಿಯಲ್ಲಿ ಕೂರಿಸಿಕೊಂಡು 300 ಮೀಟರ್ ಆಚೆ ಹೋಗಿ, ಸುತ್ತು ಹಾಕಿ, ನಿಧಾನಕ್ಕೆ ವಾಪಸ್ ಬರುತ್ತೇವೆ. ಕಳೆದ ಸಲ ಹೀಗೆ ಬರುವಾಗ ಹಿಂಬದಿಯ ದೀಪ ಮಡಚಿಟ್ಟ ಹಾಯಿಯ ಮರೆಗೆ ಹೋಯಿತು. ಒಂದು ಗೇಣು ಕೆಳಗೆ ಇಳಿಸಿ ಕಟ್ಟಿದೆವು. ಆಮೇಲೆ ಮತ್ತೆ ಒಂದು ಸುತ್ತು ಹೋಗಿ ನೋಡಿದೆವು.