ಮೀನಿನ ಚಕ್ರ, ಮೂರನೆಯ ಆವೃತ್ತಿ: ಚೋಟಿಗೆ ಬಂದು ನಿಂತ ಲೆಕ್ಕ

ಯಾವ ಕಾಲಕ್ಕೆ ಯಾವ ಮೀನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಗಿರಾಕಿಗಳಿಗೆ ತೋರಿಸಲು ನಾನು ಮಾಡುತ್ತಿರುವ ತಿರುಗುವ ಚಕ್ರದ ಮೂರನೆಯ ಆವೃತ್ತಿ ಕಳೆದ ಭಾನುವಾರ ಮೀನಂಗಡಿಯ ಗೋಡೆಗೇರಿತು. ಜಿಗ್‌ಸಾ, ಪ್ರೈಮರ್, ಹಳೆಯ ಸೀಲಿಂಗ್ ಫ್ಯಾನಿನಿಂದ ಬಿಚ್ಚಿಕೊಂಡ ಬೇರಿಂಗ್ ಇತ್ಯಾದಿಗಳ ಪುರಾಣವನ್ನು ಇಲ್ಲಿ ಬಿಡುತ್ತೇನೆ. ಈ ಸಲ ಬರೆಯಬೇಕಾಗಿರುವುದು ಒಂದೇ ತೊಡಕಿನ ಬಗ್ಗೆ: ಚಿಕ್ಕಮಗಳೂರಿನ ಗಿರಾಕಿಯೊಬ್ಬರು ಮರಿ ಬಂಗುಡೆಯನ್ನು ಕೈಗೆತ್ತಿಕೊಂಡ ಮೇಲೆ ಅದನ್ನು ಪುನಃ ಐಸಿನ ಮೇಲೆ ಇಡುವಂತೆ ಮಾಡುವುದು ಹೇಗೆ?

ಮೊದಲನೆಯ ಆವೃತ್ತಿಯಲ್ಲಿ ನಾನು ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂ 1999ರಿಂದ ಹಂಚುತ್ತ ಬಂದ ಜೇಬುಚೀಟಿಯ ಜಾಡನ್ನು ಹಿಡಿದಿದ್ದೆ. ಹಸಿರು ಬಣ್ಣದ ಮೀನು ಕೊಳ್ಳಿ, ಹಳದಿಯದ್ದಾದರೆ ಯೋಚಿಸಿ, ಕೆಂಪಿನದ್ದನ್ನು ಬಿಡಿ ಎಂಬುದು ಅದರ ಕ್ರಮ. ಅಂಗಡಿಯ ಕಾಕ ಒಂದು ವಾರ ಸುಮ್ಮನಿದ್ದು, ಕೊನೆಗೆ ಬಂಗುಡೆಯೊಂದರ ಕಿವಿರನ್ನು ಎತ್ತಿ ತೋರಿಸಿದರು. "ಮೇಷ್ಟ್ರೇ, ಜನ ಇಲ್ಲಿ ಕೆಂಪು ಇದೆಯಾ ಅಂತ ನೋಡಿ ತಗೊಳ್ಳೋದು. ನೀವು ಗೋಡೆ ಮೇಲೆ ಕೆಂಪು ಅಂದ್ರೆ ಬೇಡ ಅಂತೀರಿ." ಹಾಳಾದ ಮೀನಿನ ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆಂಬುದನ್ನು ಚಿಕ್ಕಂದಿನಿಂದ ಬಲ್ಲ ನನಗೆ ಇದು ಹೊಳೆಯದೆ ಹೋದದ್ದಕ್ಕೆ ಯಾರನ್ನೂ ದೂರುವಂತಿಲ್ಲ.

ದೂರಬೇಕಾದದ್ದು ಪ್ಲೈವುಡ್ ಅಂಗಡಿಯವರನ್ನು. ಮೆರೈನ್ ಪ್ಲೈ ಎಂದು ಆಣೆಯಿಟ್ಟು ಕೊಟ್ಟ ಹಲಗೆ, ಐಸು ಕರಗಿದ ನೀರು ನಾಲ್ಕು ದಿನ ಸಿಡಿದದ್ದಕ್ಕೇ ಹಪ್ಪಳದಂತೆ ಉಬ್ಬಿತು. "ನಿಮ್ಮ ಹಲಗೆ ಕೊಟ್ಟಿಗೆಹಾರ ದಾಟಿ ಆ ಕಡೆ ಹೋದದ್ದಲ್ಲ" ಎಂದು, ಕಡಲಿಗಿಳಿಯುವ ಘಾಟಿಯ ತುದಿಯಲ್ಲಿರುವ ಆ ಊರಿನ ಹೆಸರೆತ್ತಿ ಕಾಕ ತೀರ್ಪು ಕೊಟ್ಟರು. ಸ್ಟಿಕ್ಕರ್ ಕತ್ತರಿಸಿಕೊಟ್ಟವರಂತೂ ಬೂತಾಯಿ ಎಂಬ ಸಣ್ಣ ಕಡಲಮೀನಿನ (ಸಾರ್ಡೀನ್) ಹೆಸರನ್ನು ತಿದ್ದಿ "ಭೂತಾಯಿ" ಮಾಡಿದ್ದರಿಂದ, 10 ಸೆಂ.ಮೀ.ಗಿಂತ ಕಿರಿದಾದ ಭೂತಾಯಿಯನ್ನು ಕೊಳ್ಳಬೇಡಿ ಎಂಬ ಘನವಾದ ಸಂದೇಶ ಎರಡು ದಿನ ಗೋಡೆಯ ಮೇಲಿತ್ತು.

ಎರಡನೆಯ ಆವೃತ್ತಿಯಲ್ಲಿ ಬಣ್ಣ ಬಿಟ್ಟು ಅಂಕಿ ಹಿಡಿದೆ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ನಿನಷ್ಟು ಸಿಕ್ಕ ಬೂತಾಯಿ 2021ರಲ್ಲಿ 3,297 ಟನ್ನಿಗೆ ಕುಸಿದದ್ದನ್ನೂ, ಅದಕ್ಕೆ ಬಲೆಯಷ್ಟೇ ಅಲ್ಲದೆ ಕಡಲಿನ ಬಿಸಿಯೂ ಕಾರಣವೆಂಬುದನ್ನೂ, ಕರಾವಳಿಯಲ್ಲಿ ಮರಿಮೀನು ರಾಶಿರಾಶಿಯಾಗಿ ಮೀನುಹಿಟ್ಟಿನ ಕಾರ್ಖಾನೆ ಸೇರುತ್ತಿರುವುದನ್ನೂ ಚಕ್ರದ ಸುತ್ತ ದುಂಡಗೆ ಬರೆದೆ. ಗಿರಾಕಿಗಳು ಅದನ್ನು ಓದಲಿಲ್ಲವೆಂದು ಹೇಳಲಾರೆ. ಓದಿದರು, "ಅಯ್ಯೋ ಪಾಪ" ಎಂದರು, ಅದೇ ಮರಿ ಬಂಗುಡೆಯನ್ನು ಒಂದು ಕೆ.ಜಿ. ಕಟ್ಟಿಸಿಕೊಂಡು ಹೋದರು. ಕನಿಕರ ಹುಟ್ಟಿಸುವುದು ಸುಲಭ, ಆದರೆ ಚೀಲದೊಳಗೆ ಬೀಳುವ ಮೀನನ್ನು ಕನಿಕರ ಬದಲಾಯಿಸುವುದಿಲ್ಲ ಎಂಬುದು ಆಗ ಖಾತ್ರಿಯಾಯಿತು.

ಅದೇ ಆವೃತ್ತಿಯ ಇನ್ನೊಂದು ತಪ್ಪು ತಿಂಗಳುಗಳದ್ದು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಂತ್ರದೋಣಿಗಳಿಗೆ ರಜೆ. ಇದನ್ನು ಊರವರ ಲೆಕ್ಕಕ್ಕೆ ಹೊಂದಿಸಲೆಂದು ಒಳಸುತ್ತಿನಲ್ಲಿ ಆಷಾಢ, ಶ್ರಾವಣಗಳನ್ನು ಬರೆದಿದ್ದೆ. 2025ರಲ್ಲಿ ಜುಲೈ 25ಕ್ಕೇ ಬಂದ ಶ್ರಾವಣ, ಅಧಿಕ ಜ್ಯೇಷ್ಠದ ದೆಸೆಯಿಂದ 2026ರಲ್ಲಿ ಆಗಸ್ಟ್ 13ಕ್ಕೆ ಜಾರಿತು, ಅದರೊಡನೆ ನನ್ನ ಒಳಸುತ್ತೂ ಸುಳ್ಳಾಯಿತು. ಪರಿಹಾರ ಮನೆಯ ಕ್ಯಾಲೆಂಡರಿನಲ್ಲಿಯೇ ಇತ್ತು: ಮಳೆ ನಕ್ಷತ್ರಗಳು ಸೂರ್ಯನನ್ನು ಅನುಸರಿಸುವುದರಿಂದ ವರ್ಷದಿಂದ ವರ್ಷಕ್ಕೆ ಹೆಚ್ಚೆಂದರೆ ಒಂದು ದಿನ ಆಚೀಚೆಯಾಗುತ್ತವೆ. ರೋಹಿಣಿಯ ನಡುವಿನಲ್ಲಿ ದೋಣಿಗಳು ದಡ ಸೇರುತ್ತವೆ, ಮೃಗಶಿರ, ಆರಿದ್ರ, ಪುನರ್ವಸು ಕಳೆದು ಪುಷ್ಯ ಮುಗಿಯುವ ಹೊತ್ತಿಗೆ ಕಡಲಿಗಿಳಿಯುತ್ತವೆ. ಈಗ ಆರಿದ್ರದ ಭಾಗಕ್ಕೆ ಚಕ್ರ ತಿರುಗಿಸಿದರೆ ಕೆರೆಯಲ್ಲಿ ಸಾಕಿದ ಕಾಟ್ಲಾ ಮತ್ತು ರೋಹುವಿನ ಚಿತ್ರ ಬರುತ್ತದೆ. ತೋಟದವರು ಚಕ್ರವನ್ನು ತಾವಾಗಿಯೇ ತಿರುಗಿಸಿ ನೋಡತೊಡಗಿದ್ದು ನಕ್ಷತ್ರಗಳನ್ನು ಬರೆದ ಮೇಲೆಯೇ.

ಇಲ್ಲಿ ಒಂದು ಮಾತು ತಡೆಯಲಾಗುತ್ತಿಲ್ಲ. ಇದೇ ಮೃಗಶಿರ, ಆರಿದ್ರದ ಹೊಸನೀರಿಗೆ ಮಲೆನಾಡಿನ ಹಳ್ಳಗಳಲ್ಲಿ ಮೊಟ್ಟೆ ಹೊತ್ತ ಮೀನು ಗದ್ದೆಗೆ ಹತ್ತುತ್ತದೆ, ನಾವು ಕೂಣಿ (ಮೀನು ಹಿಡಿಯುವ ಬಿದಿರಿನ ಬೋನು) ಒಡ್ಡಿ ಕುಳಿತಿರುತ್ತೇವೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನಿಗೆ ಮಂಡಕ್ಕಿ ಎರಚಿ ಕೈಮುಗಿದು ಬರುವವರೂ ನಾವೇ. ಬಿದಿರುಕಡ್ಡಿಗಳ ಸಂದನ್ನು ಅಗಲಿಸಿ, ಸಣ್ಣವು ತಪ್ಪಿಸಿಕೊಳ್ಳುವಂಥ ಕೂಣಿಯೊಂದನ್ನು ಹೆಣೆಯುವುದು ನನ್ನ ಮುಂದಿನ ಕೆಲಸ. ಒಳ್ಳೆಯ ಬಿದಿರು ಎಲ್ಲಿ ಸಿಗುತ್ತದೆಂದು ಬಲ್ಲವರು ತಿಳಿಸಬೇಕು.

ಈಗ ಮುಖ್ಯ ತೊಡಕಿಗೆ ಮರಳುತ್ತೇನೆ. ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಶಿಫಾರಸನ್ನು ಅನುಸರಿಸಿ ಕೇರಳ ಸರ್ಕಾರ 2015ರಲ್ಲಿ ಗೊತ್ತುಪಡಿಸಿದ ಕನಿಷ್ಠ ಅಳತೆಯ ಪ್ರಕಾರ, ಬಂಗುಡೆ ಮೂತಿಯಿಂದ ಬಾಲದ ತುದಿಯವರೆಗೆ 14 ಸೆಂ.ಮೀ., ಬೂತಾಯಿ 10 ಸೆಂ.ಮೀ. ಇರಬೇಕು. ಈ ಗೆರೆಗಳನ್ನು ಕೊರೆದ ಅಕ್ರಿಲಿಕ್ ಪಟ್ಟಿಯೊಂದನ್ನು ಚಕ್ರದ ಕೆಳಗೆ ದಾರ ಕಟ್ಟಿ ತೂಗುಹಾಕಿದ್ದೆ. ಮೂರನೆಯ ದಿನ ಹೋಗಿ ನೋಡಿದರೆ ಅಂಗಡಿಯ ಹುಡುಗ ಅದರಿಂದ ಮೀನಿನ ಹುರುಪೆ ಕೆರೆಯುತ್ತಿದ್ದ. ಪಟ್ಟಿ ಬಹಳ ಚೆನ್ನಾಗಿದೆಯೆಂದೂ ಇನ್ನೊಂದು ಬೇಕೆಂದೂ ಹೇಳಿದ.

ಬಾಯಿ ಕಟ್ಟಿದಂತಾಗಿ ಮೂಲೆಯಲ್ಲಿ ನಿಂತಿದ್ದಾಗ, ಕೊಡೆ ಮಡಚಿಕೊಂಡು ಬಂದ ಹೆಂಗಸೊಬ್ಬರು ಬಂಗುಡೆಯ ರಾಶಿಯತ್ತ ಹೆಬ್ಬೆರಳು, ತೋರುಬೆರಳುಗಳನ್ನು ಅಗಲಿಸಿ ಹಿಡಿದು, "ಏನು ಕಾಕ, ಚೋಟುದ್ದಾನೂ ಇಲ್ಲ, ಇದಕ್ಕೆ ಇನ್ನೂರಾ? ತಲೆ ಕರುಳು ತೆಗೆದ್ರೆ ಉಳಿಯೋದು ಮುಳ್ಳೇ" ಎಂದರು. ಕಾಕ ಚೌಕಾಸಿಗೆ ಇಳಿದರು, ನಾನು ಮನೆಗೆ ಓಡಿದೆ. ಅಳತೆಪಟ್ಟಿ ಹಿಡಿದು ಮನೆಯವರೆಲ್ಲರ ಚೋಟನ್ನು ಅಳೆದೆ: ಅಮ್ಮನದು 14, ಹೆಂಡತಿಯದು 14.5, ಮಗನದು 15, ನನ್ನದು 16. ತಿಂಗಳುಗಟ್ಟಲೆ ನಾನು ಅಕ್ರಿಲಿಕ್ಕಿನಲ್ಲಿ ಕೊರೆಯುತ್ತಿದ್ದ ಗೆರೆಯನ್ನು ಪ್ರತಿಯೊಬ್ಬ ಗಿರಾಕಿಯೂ ಕೈಯಲ್ಲಿಯೇ ತಂದಿದ್ದರು.

ಕೈಗಳ ಹೆಚ್ಚುಕಡಿಮೆಯಿಂದ ತೊಂದರೆಯಿಲ್ಲ. 14 ಸೆಂ.ಮೀ. ಎಂದರೆ ಬಲಿತ ಬಂಗುಡೆಯ ಅಳತೆಯಲ್ಲ, ಅದಕ್ಕಿಂತ ಕಿರಿದನ್ನು ಹಿಡಿಯಲೇಬಾರದೆಂಬ ಕೆಳಗಿನ ಗೆರೆ. ಆದ್ದರಿಂದ ನನ್ನಂಥ ಉದ್ದ ಬೆರಳಿನವರು ಎರಡು ಸೆಂ.ಮೀ. ಜಾಸ್ತಿ ಕೇಳಿದರೆ ಮೀನಿಗೇ ಲಾಭ. ಬೂತಾಯಿಗೆ ಹೆಬ್ಬೆರಳನ್ನೂ ಒತ್ತಿಟ್ಟ ಅಂಗೈಯ ಅಗಲ ಸರಿಹೋಯಿತು. ಹಾಗಾಗಿ ಮೂರನೆಯ ಚಕ್ರದ ಕೆಳಗೆ ಅಂಕಿಯಿಲ್ಲ, ಸಂದೇಶವಿಲ್ಲ. ಬಿಚ್ಚಿದ ಕೈಯೊಂದರ ಚಿತ್ರ, ಚೋಟಿನ ನಡುವೆ ಒಂದು ಬಂಗುಡೆ, "ಚೋಟುದ್ದ ಇದ್ದರೆ ಮಾತ್ರ" ಎಂಬ ಮೂರು ಪದ, ಅಷ್ಟೆ. ಹಲಗೆಯ ಬದಲು ಈ ಸಲ ಅಲ್ಯೂಮಿನಿಯಂ ತಗಡು.

ಭಾನುವಾರ ಎರಡು ಗಂಟೆ ನಿಂತು ನೋಡಿದೆ. ಹನ್ನೊಂದು ಜನ ರಾಶಿಯ ಮೇಲೆ ಚೋಟು ಹಿಡಿದರು, ಅವರಲ್ಲಿ ನಾಲ್ವರು ಸಣ್ಣದನ್ನು ಬಿಟ್ಟು ದೊಡ್ಡದನ್ನು ಆರಿಸಿಕೊಂಡರು. ಒಬ್ಬರು ಮಾತ್ರ ಸಣ್ಣದೇ ಗರಿಗರಿಯಾಗುತ್ತದೆಂದು ವಾದಿಸಿ ಗೆದ್ದರು. ಮುಳ್ಳಿನ ಮೇಲಿನ ಸಿಟ್ಟು ಕಡಲಿನ ಮೇಲಿನ ಪ್ರೀತಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆಂಬುದಕ್ಕೆ ನನ್ನ ಆಕ್ಷೇಪವಿಲ್ಲ. ಹೀಗೇ ನಡೆದರೆ ಮಲ್ಪೆಗೆ ಫೋನ್ ಮಾಡುವಾಗ ದೊಡ್ಡ ಮಾಲನ್ನೇ ಕೇಳುವುದಾಗಿ ಕಾಕ ಹೇಳಿದ್ದಾರೆ.

ಉಳಿದಿರುವುದು ಅಂಜಲ್ ಎಂಬ ದೊಡ್ಡ ಮೀನು (ಸುರ್ಮಾಯಿ). ಅದರ ಗೆರೆ 50 ಸೆಂ.ಮೀ., ಆದರೆ ಇಲ್ಲಿ ಇಡೀ ಅಂಜಲನ್ನು ಕೊಳ್ಳುವವರಾರು? ತುಂಡು ಮಾಡಿಟ್ಟ ಮೇಲೆ ಉದ್ದ ಕಾಣುವುದಿಲ್ಲ, ಚೋಟೂ ಉಪಯೋಗಕ್ಕೆ ಬಾರದು. ಹೊಟ್ಟೆಯ ಭಾಗದ ತುಂಡಿನ ಅಗಲದಿಂದ ಉದ್ದವನ್ನು ಊಹಿಸಬಹುದೇ ಎಂದು ನೋಡಬೇಕು. ಅದಕ್ಕಾಗಿ ಬೇರೆ ಬೇರೆ ಗಾತ್ರದ ಅಂಜಲ್‌ಗಳನ್ನು ಕತ್ತರಿಸುವ ಮೊದಲೂ ಆಮೇಲೂ ಅಳೆಯಲು ಕಾಕ ಒಪ್ಪಿದ್ದಾರೆ, ಪುಷ್ಯ ಮಳೆ ಮುಗಿಯಲಿ ಎಂದಿದ್ದಾರೆ. ಅಳೆದ ಅಂಜಲನ್ನು ನಾನೇ ಕೊಳ್ಳಬೇಕೆಂಬ ಷರತ್ತನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.